ಬರೆದವನೂ ಅವನೇ, ಆಳಿದವನೂ ಅವನೇ: ಹೊಳೆಯಾಚೆಯ ಟೇಲರ್ ಸಾಹೇಬನ ಕಥೆ

ರಾಯಚೂರು: ದೇವದುರ್ಗದಿಂದ ಸುರಪುರದ ಬಸ್ ಹತ್ತಿದರೆ ತಿಂಥಣಿ ಬ್ರಿಡ್ಜ್ ಹತ್ರ ಕೃಷ್ಣಾ ಹೊಳೆ ದಾಟಬೇಕು. ಹೊಳೆ ದಾಟಿದ ಮೇಲೆ ಜಿಲ್ಲೆ ಬೇರೆ, ಮಂದಿ ಮಾತ್ರ ಅವರೇ. ಬೀಗತನ, ಸಂತೆ, ಜಾತ್ರೆ ಎಲ್ಲ ಎರಡೂ ದಂಡೆಗೆ ಹಂಚಿಹೋಗಿವೆ. ಸುರಪುರ ಮುಟ್ಟಿ ಗುಡ್ಡದ ಕಡೆ ತಲೆ ಎತ್ತಿದರೆ ಒಂದು ಹಳೇ ಬಂಗಲೆ ಕಾಣುತ್ತದೆ. ಅದರ ಹೆಸರು ಟೇಲರ್ ಮಂಜಿಲ್. ಮದುವೆಗೆ, ಕೋರ್ಟಿಗೆ, ವ್ಯಾಪಾರಕ್ಕೆ ಅಂತ ಸುರಪುರಕ್ಕೆ ಹೋಗಿ ಬರೋ ನಮ್ಮ ಕಡೆಯ ಎಷ್ಟೋ ಮಂದಿ ಆ ಹೆಸರು ಕೇಳಿರುತ್ತಾರೆ. ಆ ಟೇಲರ್ ಯಾರು ಅಂದರೆ, ಯಾರೋ ಇಂಗ್ಲಿಷ್ ಸಾಹೇಬ ಅನ್ನೋದಷ್ಟೇ ಉತ್ತರ.

ಆತನ ಪೂರ್ತಿ ಹೆಸರು ಫಿಲಿಪ್ ಮೆಡೋಸ್ ಟೇಲರ್. ಹನ್ನೊಂದು ವರ್ಷದ ಹತ್ತಿರ ಸುರಪುರ ಸಂಸ್ಥಾನದ ಆಡಳಿತ ನೋಡಿದವನು. ಆದರೆ ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಕೆಲಸವೂ ಆತನಿಗಿತ್ತು. 1840ರಿಂದ 1853ರವರೆಗೆ ಆತ ಲಂಡನ್ನಿನ ಟೈಮ್ಸ್ ಪತ್ರಿಕೆಯ ವರದಿಗಾರ. ಈ ಭಾಗದ ಗುಡ್ಡದ ಮೇಲೆ ಕುಳಿತು ಸಮುದ್ರದಾಚೆಯ ಪತ್ರಿಕೆಗೆ ಸುದ್ದಿ ಕಳಿಸಿದ ಮೊದಲಿಗರಲ್ಲಿ ಒಬ್ಬ. ಕ್ಯಾಮೆರಾ ಇನ್ನೂ ಇತ್ತ ಕಡೆ ಬರದ ಆ ಕಾಲದಲ್ಲಿ ಇಲ್ಲಿನ ಕಲ್ಲು, ಗೋರಿ, ಕೋಟೆ, ಮಂದಿ ಎಲ್ಲವನ್ನೂ ಚಿತ್ರ ಬರೆದು, ಅಳತೆ ತೆಗೆದು ದಾಖಲೆ ಮಾಡಿದವನೂ ಆತನೇ.

ಹದಿನೈದರ ಹುಡುಗ ಹಡಗು ಹತ್ತಿದ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಮಾನ್ವಿಯ ಜಗನ್ನಾಥದಾಸರು ಹರಿಪಾದ ಸೇರಿದ್ದು ಅದರ ಮರುವರ್ಷ. ಅಪ್ಪ ವರ್ತಕ. 1824ರಲ್ಲಿ ಮಗನನ್ನು ಮುಂಬೈಯ ಒಬ್ಬ ಇಂಗ್ಲಿಷ್ ವ್ಯಾಪಾರಿಯ ಅಂಗಡಿಗೆ ಕಳಿಸಿದ. ಅಲ್ಲಿ ಬಂದು ನೋಡಿದರೆ ಆ ವ್ಯಾಪಾರವೇ ಮುಳುಗೋ ಹಂತದಲ್ಲಿತ್ತು. ಹದಿನಾರು ತುಂಬಿದ್ದ ಹುಡುಗ ಪರದೇಶದಲ್ಲಿ ದಿಕ್ಕಿಲ್ಲದಂತಾದ. ಮುಂಬೈ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸಂಬಂಧಿಕರೊಬ್ಬರು ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಕೆಲಸ ಕೊಡಿಸಿದರು.

ಹೀಗಾಗಿ ಟೇಲರ್ ಕಂಪನಿಯ ನೌಕರ ಆಗಲೇ ಇಲ್ಲ, ನಿಜಾಮರ ನೌಕರ ಆದ. ಇದು ಚಿಕ್ಕ ಮಾತಲ್ಲ. ಕಂಪನಿಯ ಅಧಿಕಾರಿಗಳಿಗಿದ್ದ ಪಗಾರ, ಬಡ್ತಿ, ಮರ್ಯಾದೆ ನಿಜಾಮರ ಕಡೆಯ ಬಿಳಿಯರಿಗೆ ಇರಲಿಲ್ಲ. ಅದನ್ನು ತುಂಬಿಕೊಳ್ಳಲು ಟೇಲರ್ ಹಿಡಿದ ದಾರಿ ಕಲಿಕೆ. ಮರಾಠಿ, ಹಿಂದೂಸ್ತಾನಿ, ಪಾರಸಿ ಕಲಿತ. ಭೂಮಿ ಅಳೆಯೋದು, ಕಟ್ಟಡ ಕಟ್ಟೋದು, ಕಾನೂನು, ಗಿಡಮೂಲಿಕೆ, ಕಲ್ಲುಮಣ್ಣಿನ ಶಾಸ್ತ್ರ, ಎಲ್ಲ ಓದಿಕೊಂಡ. ಹೈದರಾಬಾದಿನ ಹೆಸರುವಾಸಿ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನು ಮದುವೆಯಾದ. ಪಾಮರ್ ಅವರ ತಾಯಿ ಈ ನೆಲದ ಮುಸ್ಲಿಂ ಮನೆತನದ ಬೇಗಂ. ಅಲ್ಲಿಗೆ ಟೇಲರ್ ಹೈದರಾಬಾದಿನ ಅಳಿಯನೇ ಆದಂಗಾಯ್ತು.

ಕೈತಪ್ಪಿದ ಸುದ್ದಿ, ಕೈಹಿಡಿದ ಪುಸ್ತಕ

1829ರ ಹೊತ್ತಿಗೆ ಟೇಲರ್ ನಿಜಾಮರ ಸೀಮೆಯಲ್ಲಿ ಪೊಲೀಸ್ ಕೆಲಸದಲ್ಲಿದ್ದ. ದಾರಿಯಲ್ಲಿ ಹೋಗೋ ವ್ಯಾಪಾರಿಗಳು, ಪ್ರಯಾಣಿಕರು ಮಾಯವಾಗುತ್ತಿದ್ದರು. ಹೆಣ ಸಿಗುತ್ತಿತ್ತು, ಕೊಂದವರು ಸಿಗುತ್ತಿರಲಿಲ್ಲ. ಇದರ ಹಿಂದೆ ಒಂದು ದೊಡ್ಡ ಜಾಲ ಇದೆ ಅನ್ನೋ ಗುಮಾನಿ ಟೇಲರ್‌ಗೆ ಬಂತು. ಬೆನ್ನು ಹತ್ತುವಷ್ಟರಲ್ಲಿ ಸೈನ್ಯಕ್ಕೆ ವಾಪಸ್ ಬಾ ಅಂತ ಹುಕುಂ ಬಂತು. ತನಿಖೆ ಅಲ್ಲಿಗೇ ನಿಂತಿತು. ಮುಂದೆ ಥಗ್ಗರ ಜಾಲವನ್ನು ಬಯಲಿಗೆಳೆದ ಹೆಸರು ವಿಲಿಯಂ ಸ್ಲೀಮನ್ ಅವರಿಗೆ ಹೋಯಿತು.

ಆದರೆ ಟೇಲರ್ ಬಿಡಲಿಲ್ಲ. ಹೈದರಾಬಾದಿನಲ್ಲಿ ಸಿಕ್ಕಿಬಿದ್ದು ಮಾಫಿ ಸಾಕ್ಷಿಗಳಾದ ಥಗ್ಗರ ಹೇಳಿಕೆಗಳನ್ನು ಗಂಟೆಗಟ್ಟಲೆ ಕೇಳಿ ಬರೆದುಕೊಂಡ. ಅದರ ಮೇಲೆ ಕಟ್ಟಿದ ಕಾದಂಬರಿ 'ಕನ್ಫೆಷನ್ಸ್ ಆಫ್ ಎ ಥಗ್' 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅಮೀರ್ ಅಲಿ ಅನ್ನೋ ಥಗ್ಗ ತನ್ನ ಕಥೆಯನ್ನು ತಾನೇ ಹೇಳಿಕೊಂಡು ಹೋಗೋ ಪುಸ್ತಕ ಅದು. ವಿಕ್ಟೋರಿಯಾ ರಾಣಿ ಪುಸ್ತಕ ಹೊರಬರೋದಕ್ಕೂ ಕಾಯದೆ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡಳು ಅಂತ ಹೇಳುತ್ತಾರೆ. ರಜೆ ಮೇಲೆ ಊರಿಗೆ ಹೋಗಿದ್ದ ಟೇಲರ್ ಒಂದೇ ಪುಸ್ತಕದಿಂದ ಮನೆಮಾತಾದ. ಮರುವರ್ಷ ಟಿಪ್ಪು ಸುಲ್ತಾನನ ಮೇಲೂ ಒಂದು ಕಾದಂಬರಿ ಬಂತು. ಅದೇ ವರ್ಷ ಟೈಮ್ಸ್ ಪತ್ರಿಕೆಯ ಕೆಲಸವೂ ಆತನದಾಯಿತು.

ಅವತ್ತಿನ ವರದಿಗಾರಿಕೆ ಇವತ್ತಿನ ಮೊಬೈಲ್ ಸುದ್ದಿ ಥರ ಇರಲಿಲ್ಲ. ತಂತಿ ಇಲ್ಲ, ರೈಲಿಲ್ಲ. ಬರೆದ ಕಾಗದ ಟಪಾಲಿನವರ ಕಾಲ್ನಡಿಗೆಯಲ್ಲಿ ಮುಂಬೈಗೆ ಹೋಗಬೇಕು. ಅಲ್ಲಿಂದ ಹಡಗಿನಲ್ಲಿ ಈಜಿಪ್ಟಿಗೆ, ಮರಳುಗಾಡು ದಾಟಿ ಮತ್ತೆ ಹಡಗಿಗೆ, ಆಮೇಲೆ ಲಂಡನ್ನಿಗೆ. ಎಲ್ಲ ಸುಸೂತ್ರ ಆದರೂ ತಿಂಗಳ ಮೇಲೆ ದಿನ ಹಿಡಿಯುತ್ತಿತ್ತು. ಇಲ್ಲಿನ ವರದಿ ಅಲ್ಲಿ ಅಚ್ಚಾಗಿ, ಆ ಪತ್ರಿಕೆ ತಿರುಗಿ ಇಲ್ಲಿಗೆ ಮುಟ್ಟೋ ಹೊತ್ತಿಗೆ ಹೊಲದಲ್ಲಿ ಬಿತ್ತಿದ ಜೋಳ ತೆನೆ ಹಿಡಿದಿರುತ್ತಿತ್ತು.

ಸಾಲದ ಸಂಸ್ಥಾನ, ಎಳೆ ದೊರೆ

1841ರಲ್ಲಿ ಸುರಪುರದ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡರು. ಮಗ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಕೂಸು. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ತೀರಿಕೊಂಡ ರಾಜರ ತಮ್ಮ ಪಿಡ್ಡ ನಾಯಕ ಇನ್ನೊಂದು ಕಡೆ. ನಿಜಾಮರಿಗೆ ಕೊಡಬೇಕಾದ ನಜರಾಣೆ ಬಾಕಿ ಲಕ್ಷಗಟ್ಟಲೆ. ಸಾಹುಕಾರರ ಸಾಲ ಬೇರೆ. ಜಮೆ ಯಾವುದು, ಖರ್ಚು ಯಾವುದು ಅಂತ ಹೇಳೋ ಒಂದು ನೆಟ್ಟಗಿನ ಖಾತೆಪುಸ್ತಕವೂ ಇರಲಿಲ್ಲ. ಇದರ ಮೇಲೆ ಹನ್ನೆರಡು ಸಾವಿರ ಅಂತಲೇ ಹೆಸರಾಗಿದ್ದ ಬೇಡರ ಪಡೆ. 1705ರಲ್ಲಿ ಖುದ್ದು ಔರಂಗಜೇಬನೇ ದಂಡು ಕಟ್ಟಿಕೊಂಡು ಬಂದಾಗಲೂ ವಾಗಿನಗೇರಿಯಲ್ಲಿ ಎದುರು ನಿಂತ ವಂಶದ ಪಡೆ ಅದು. ಹೊರಗಿನವರ ಮಾತಿಗೆ ಸುಮ್ಮನೆ ತಲೆಬಾಗೋ ಮಂದಿ ಅಲ್ಲ.

ಇಂಥಲ್ಲಿಗೆ ಟೇಲರ್‌ನನ್ನು ಕಳಿಸಿದರು. ಮೂವತ್ತಮೂರರ ಆಸುಪಾಸಿನ ಆತ ಮೊದಲು ಮಾಡಿದ್ದು ಲೆಕ್ಕ ಸರಿ ಮಾಡೋ ಕೆಲಸ. ಯಾರ ಸಾಲ ಎಷ್ಟು, ಅಸಲು ಎಷ್ಟು, ಬಡ್ಡಿ ಎಷ್ಟು ಅಂತ ಕುಂತು ಬಿಡಿಸಿದ. ಬೇಡರ ಮುಖಂಡರನ್ನು ಕರೆಸಿ ಮಾತಾಡಿದ. ಹೊಲಗಳ ಕಂದಾಯ ಗೊತ್ತು ಮಾಡಿದ, ರಸ್ತೆ ಹಾಕಿಸಿದ, ಕೆರೆಗಳನ್ನು ದುರಸ್ತಿ ಮಾಡಿಸಿದ. 17ನೇ ಶತಮಾನದಲ್ಲಿ ಸುರಪುರದ ನಾಯಕರು ಕಟ್ಟಿಸಿದ ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದ್ದು ಆತನೇ. ಆ ಕೆರೆ ಇವತ್ತಿಗೂ ಹೊಲಗಳಿಗೆ ನೀರು ಕೊಡುತ್ತದೆ. ಚಳಿಗಾಲಕ್ಕೆ ದೂರದೇಶದ ಹಕ್ಕಿಗಳು ಬರುವುದರಿಂದ ಅದು ಈಗ ಪಕ್ಷಿಧಾಮವೂ ಹೌದು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಎದ್ದದ್ದೂ 1844ರ ಸುಮಾರಿಗೆ.

ಅದೇ ವರ್ಷಗಳಲ್ಲಿ ಹೆಂಡತಿ ಮೇರಿ ತೀರಿಕೊಂಡಳು. ಹೆಣ್ಣುಮಕ್ಕಳು ಸಮುದ್ರದಾಚೆ ಇಂಗ್ಲೆಂಡಿನಲ್ಲಿ. ಬಂಗಲೆಯಲ್ಲಿ ಟೇಲರ್ ಒಬ್ಬಂಟಿ. ಅರಮನೆಯಲ್ಲಿ ಅಪ್ಪನಿಲ್ಲದ ಹುಡುಗ. ವೆಂಕಟಪ್ಪ ನಾಯಕ ಆತನನ್ನು ಅಪ್ಪಾ ಅಂತಲೇ ಕರೆಯುತ್ತಿದ್ದ. ಓದು, ಬರಹ, ಕುದುರೆ ಸವಾರಿ ಎಲ್ಲಕ್ಕೂ ಟೇಲರ್‌ನದೇ ಕಾಳಜಿ. ಈ ಒಂದು ಸಂಬಂಧ ಇರದಿದ್ದರೆ ಟೇಲರ್ ಕಥೆ ಇನ್ನೊಬ್ಬ ಸಾಹೇಬನ ಕಥೆಯಾಗಿ ಮುಗಿದುಹೋಗುತ್ತಿತ್ತು.

ಮೋರ್ಯರ ಮನೆಯ ಮುಂದೆ ಅಳತೆ ಟೇಪು

ಕಚೇರಿ ಕೆಲಸ ಮುಗಿದ ಮೇಲೆ ಟೇಲರ್ ಸುಮ್ಮನೆ ಕೂರುತ್ತಿರಲಿಲ್ಲ. ಸುರಪುರ ಸೀಮೆಯ ರಾಜನ ಕೋಳೂರು, ಹಗರಟಗಿ ಕಡೆ ಬಂಡೆಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲುಮನೆಗಳಿವೆ. ನಮ್ಮ ಹಳ್ಳಿಗಳಲ್ಲಿ ಇಂಥವಕ್ಕೆ ಮೋರ್ಯರ ಮನೆ ಅಂತಾರೆ. ಗಿಡ್ಡ ಜನ ಕಟ್ಟಿದ್ದು ಅನ್ನೋ ಕಥೆಯೂ ಉಂಟು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಗುಂಡುಗಳನ್ನು ಇಟ್ಟ ಮೈದಾನ ಇದೆ. ದನ ಕಾಯೋರು ದಿನಾ ನೋಡೋ ಕಲ್ಲುಗಳೇ ಅವು. ಅವುಗಳ ಬೆಲೆ ಗುರುತಿಸಿ ಬರೆದಿಟ್ಟವನು ಟೇಲರ್.

ಜೇವರ್ಗಿ ಹತ್ತಿರದ ಕಲ್ಲುಗುಪ್ಪೆಗಳನ್ನು ಆತ ಅಗೆಸಿದ. ಒಳಗೆ ಎಲುಬು, ಮಡಕೆ, ಕಬ್ಬಿಣದ ಸಾಮಾನು ಸಿಕ್ಕವು. ನಿಧಿ ಹುಡುಕೋರ ಹಾಗೆ ಕಿತ್ತು ಒಯ್ಯಲಿಲ್ಲ. ಯಾವ ಪದರದಲ್ಲಿ ಏನಿತ್ತು, ಎಲುಬು ಯಾವ ದಿಕ್ಕಿಗೆ ಮಲಗಿತ್ತು, ಮಡಕೆ ಎಲ್ಲಿತ್ತು ಅಂತ ಗೋರಿಯನ್ನು ನಡುವೆ ಸೀಳಿದ ಹಾಗೆ ಚಿತ್ರ ಬರೆದ. ನೂರು ವರ್ಷ ಆದ ಮೇಲೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥನಾಗಿದ್ದ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ನೋಡಿ, ಆ ಕಾಲಕ್ಕೆ ಇಷ್ಟು ನಿಖರ ಕೆಲಸವೇ ಅಂತ ಮೆಚ್ಚಿಕೊಂಡ. ಮಸ್ಕಿಯ ಅಶೋಕ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಟೇಲರ್ ಬರಹಗಳು ಅದಕ್ಕಿಂತ ಅರವತ್ತು ವರ್ಷ ಹಿಂದಿನವು. ಎಡೆದೊರೆ ನಾಡಿನ ಆಸುಪಾಸಿನ ನೆಲದಡಿ ಸಾವಿರಾರು ವರ್ಷದ ಬದುಕು ಹೂತಿದೆ ಅಂತ ಹೊರ ಜಗತ್ತಿಗೆ ಮೊದಮೊದಲು ತಿಳಿಸಿದವರಲ್ಲಿ ಆತ ಒಬ್ಬ.

ಆತನ ಅಂದಾಜೆಲ್ಲ ನಿಜವಾಗಲಿಲ್ಲ. ಯುರೋಪಿನಲ್ಲೂ ಇಂಥವೇ ಕಲ್ಲುಗೋರಿಗಳಿವೆ, ಹಾಗಾಗಿ ಇವನ್ನೂ ಅತ್ತ ಕಡೆಯಿಂದ ಬಂದ ಜನವೇ ಕಟ್ಟಿರಬೇಕು ಅಂತ ಬರೆದ. ಆ ಮಾತನ್ನು ಈಗಿನ ವಿದ್ವಾಂಸರು ಒಪ್ಪೋದಿಲ್ಲ. ಅಂದಾಜು ಬಿದ್ದುಹೋಯಿತು, ಅಳತೆ ಮತ್ತು ಚಿತ್ರ ಉಳಿದವು.

ಮಾನ್ವಿ, ದೇವದುರ್ಗ ಕಂಪನಿಯ ಕೈಗೆ

1853ರಲ್ಲಿ ಎರಡು ಸಂಗತಿ ನಡೆದವು. ಒಂದು, ವೆಂಕಟಪ್ಪ ನಾಯಕ ಪ್ರಾಯಕ್ಕೆ ಬಂದರು ಅಂತ ಟೇಲರ್ ಸಂಸ್ಥಾನವನ್ನು ಅವರ ಕೈಗೊಪ್ಪಿಸಿದ. ಎರಡು, ಸೈನ್ಯದ ಖರ್ಚಿನ ಬಾಕಿಗೆ ಅಂತ ಕಂಪನಿಯವರು ನಿಜಾಮರಿಂದ ಬೇರಾರ್, ನಳದುರ್ಗ ಸೀಮೆ, ಜೊತೆಗೆ ರಾಯಚೂರು ದೋ‌ಆಬನ್ನೂ ಬರೆಸಿಕೊಂಡರು. ಕೃಷ್ಣಾ, ತುಂಗಭದ್ರೆಯ ನಡುವಿನ ರಾಯಚೂರು, ಮಾನ್ವಿ ಸೀಮೆಗಳು ಕಂಪನಿಯ ಆಡಳಿತಕ್ಕೆ ಹೋದದ್ದು ಹೀಗೆ. 1860ರ ಕೊನೆಗೆ ಮತ್ತೆ ನಿಜಾಮರಿಗೆ ವಾಪಸ್ ಬಂದವು.

ಟೇಲರ್‌ಗೆ ಸಿಕ್ಕಿದ್ದು ನಳದುರ್ಗ, ಅಂದರೆ ಈಗಿನ ಮಹಾರಾಷ್ಟ್ರದ ಧಾರಾಶಿವ ಕಡೆ. ಟೈಮ್ಸ್ ಕೆಲಸವೂ ಅದೇ ವರ್ಷ ಮುಗಿಯಿತು. 1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಾಗ ಆತನನ್ನು ಬೇರಾರಿನ ಬುಲ್ಢಾಣಾಕ್ಕೆ ಕಳಿಸಿದರು. ಕೈಯಲ್ಲಿ ಸೈನ್ಯವಿರಲಿಲ್ಲ. ಇದ್ದದ್ದು ಜನರ ನಂಬಿಕೆ ಮಾತ್ರ. ಆ ಸೀಮೆ ಶಾಂತವಾಗೇ ಉಳಿಯಿತು. ಜನ ತನ್ನನ್ನು ಪ್ರೀತಿಯಿಂದ ಮಹಾದೇವ ಬಾಬಾ ಅನ್ನುತ್ತಿದ್ದರು ಅಂತ ಟೇಲರ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಅಪ್ಪಾ ಅಂದವನ ಕೊನೆ

ಸುರಪುರ ಮಾತ್ರ ಶಾಂತವಾಗಿ ಉಳಿಯಲಿಲ್ಲ. ರಾಜಾ ವೆಂಕಟಪ್ಪ ನಾಯಕರು ಕಂಪನಿಯ ವಿರುದ್ಧ ನಿಂತರು. ನರಗುಂದದ ಬಾಬಾಸಾಹೇಬ, ಮುಂಡರಗಿ ಭೀಮರಾಯ ಬಂಡೆದ್ದ ವರ್ಷವೂ ಅದೇ, 1858. ಲಿಂಗಸುಗೂರಿನ ದಂಡಿನಿಂದ ಸೈನ್ಯ ಸುರಪುರಕ್ಕೆ ಬಂತು. ಫೆಬ್ರವರಿ 8ರ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಇನ್ನಷ್ಟು ದಂಡು ಬರುತ್ತಿದೆ ಅಂತ ಗೊತ್ತಾದ ಮೇಲೆ ರಾಜರು ಊರು ಬಿಟ್ಟು ಹೈದರಾಬಾದಿಗೆ ಹೋದರು. ಅಲ್ಲಿ ದಿವಾನ ಸಾಲಾರ್ ಜಂಗರ ಕಡೆಯವರು ಹಿಡಿದು ಇಂಗ್ಲಿಷರಿಗೆ ಒಪ್ಪಿಸಿದರು.

ಸೆರೆಮನೆಯಲ್ಲಿ ಟೇಲರ್ ಅವರನ್ನು ಕಂಡ. ಆ ಭೇಟಿಯ ಬಗ್ಗೆ ಆತ ಬರೆದದ್ದನ್ನು ಓದಿದರೆ ಈಗಲೂ ಎದೆ ಭಾರವಾಗುತ್ತದೆ. ಇಪ್ಪತ್ತನಾಲ್ಕರ ರಾಜ ಚಿಕ್ಕಂದಿನ ಹಾಗೇ ಕೊರಳಿಗೆ ಬಿದ್ದು ಅತ್ತರು. ಆದರೆ ಜೊತೆಗಿದ್ದವರ ಹೆಸರು ಹೇಳಿ ಜೀವ ಉಳಿಸಿಕೊಳ್ಳಲು ಒಪ್ಪಲಿಲ್ಲ. ಕಳ್ಳನನ್ನು ನೇಣು ಹಾಕಿದಂತೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಅನ್ನೋದು ಅವರ ಬೇಡಿಕೆಯಾಗಿತ್ತು. ಮರಣದಂಡನೆ ಮೊದಲು ಗಡೀಪಾರಿಗೆ ಇಳಿಯಿತು, ಆಮೇಲೆ ಮದರಾಸಿನ ಹತ್ತಿರದ ಚೆಂಗಲಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜರು ಸತ್ತರು. ತಾವೇ ಗುಂಡು ಹಾರಿಸಿಕೊಂಡರು ಅಂತ ಇಂಗ್ಲಿಷರ ಕಡತ ಹೇಳುತ್ತದೆ, ಟೇಲರ್ ಕೂಡ ಹಾಗೇ ಬರೆದಿದ್ದಾನೆ. ಕಾವಲಿನಲ್ಲಿದ್ದವನ ಕೈಗೆ ಪಿಸ್ತೂಲು ಹೇಗೆ ಸಿಕ್ಕಿತು ಅನ್ನೋ ಪ್ರಶ್ನೆ ಹಾಗೇ ನಿಂತಿದೆ.

ರಾಜರಿಗೆ ಇಪ್ಪತ್ತನಾಲ್ಕನೇ ವಯಸ್ಸು ದಾಟೋದಿಲ್ಲ ಅಂತ ಜಾತಕ ಬರೆದವರು ಎಷ್ಟೋ ವರ್ಷ ಮೊದಲೇ ತನಗೆ ಗುಟ್ಟಾಗಿ ಹೇಳಿದ್ದರು ಅಂತಲೂ ಟೇಲರ್ ದಾಖಲಿಸಿದ್ದಾನೆ. ಗ್ರಹಗತಿಯ ಮೇಲೆ ಹಾಕಿದರೆ ಯಾರ ಮೇಲೂ ತಪ್ಪು ಬರೋದಿಲ್ಲ. ಸುರಪುರದ ಮಂದಿಗೆ ಮಾತ್ರ ಅವರು ಜಾತಕದ ಕಾರಣಕ್ಕೆ ಸತ್ತ ರಾಜ ಅಲ್ಲ, ಸ್ವಾತಂತ್ರ್ಯಕ್ಕಾಗಿ ಎದ್ದು ನಿಂತ ನಾಲ್ವಡಿ ರಾಜಾ ವೆಂಕಟಪ್ಪ ನಾಯಕರು.

ಅದೇ 1858ರಲ್ಲಿ ಟೇಲರ್‌ನನ್ನು ಮತ್ತೆ ಸುರಪುರಕ್ಕೆ ಕಳಿಸಿದರು, ಈ ಸಲ ಕಮಿಷನರ್ ಮಾಡಿ. ತಾನು ಸಾಕಿ ಬೆಳೆಸಿದ ರಾಜ ಇಲ್ಲದ ಊರಿಗೆ, ತಾನು ಲೆಕ್ಕ ಸರಿ ಮಾಡಿಕೊಟ್ಟ ಸಂಸ್ಥಾನದ ಲೆಕ್ಕ ಮುಚ್ಚಲು ಆತ ಬರಬೇಕಾಯಿತು. 1860ರಲ್ಲಿ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಹೋದ. ದಂಗೆಯಲ್ಲಿ ತಮ್ಮ ಕಡೆ ನಿಂತಿದ್ದಕ್ಕೆ ಬಹುಮಾನ ಅಂತ ಇಂಗ್ಲಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟುಬಿಟ್ಟರು. ಆಮೇಲೆ 1905ರವರೆಗೆ ಸುರಪುರ ಲಿಂಗಸುಗೂರು ಜಿಲ್ಲೆಯಲ್ಲೇ ಇತ್ತು.

ಕಣ್ಣು ಹೋದರೂ ಬರಹ ನಿಲ್ಲಲಿಲ್ಲ

ಊರಿಗೆ ಹೋದ ಮೇಲೂ ಟೇಲರ್ ಬರೆದದ್ದೆಲ್ಲ ಈ ನೆಲದ ಬಗ್ಗೆಯೇ. 1866ರಲ್ಲಿ ವಿಜಯಪುರದ ಕಟ್ಟಡಗಳ ಮೇಲೆ ಒಂದು, ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಮೇಲೆ ಇನ್ನೊಂದು ದೊಡ್ಡ ಫೋಟೋ ಪುಸ್ತಕ ಲಂಡನ್ನಿನಲ್ಲಿ ಬಂದವು. ಫೋಟೋ ತೆಗೆದವರು ಕರ್ನಲ್ ಬಿಗ್ಸ್, ಡಾಕ್ಟರ್ ಪಿಗೋ ಮುಂತಾದವರು. ಶಿಲ್ಪದ ವಿವರ ಜೇಮ್ಸ್ ಫರ್ಗ್ಯುಸನ್ನನದು, ಇತಿಹಾಸ ಟೇಲರ್‌ನದು. ಚಿತ್ರದ ಜೊತೆ ಮಾತು ಕೂಡಿಸಿ ಒಂದು ನಾಡನ್ನು ತೋರಿಸೋದು, ಅಂದರೆ ಇವತ್ತಿನವರು ಸಾಕ್ಷ್ಯಚಿತ್ರದಲ್ಲಿ ಮಾಡೋ ಕೆಲಸವನ್ನೇ ಅವರು ಕಾಗದದ ಮೇಲೆ ಮಾಡಿದರು. ಈ ಮಾಲೆಗೆ ಹಣ ಕೊಟ್ಟವರಲ್ಲಿ ಮುಂಬೈಯ ಹತ್ತಿ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್ ಒಬ್ಬರು. ಅಮೆರಿಕದ ಒಳಜಗಳದಿಂದ ಅಲ್ಲಿನ ಹತ್ತಿ ನಿಂತು, ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂದ ಕಾಲ ಅದು. ಹತ್ತಿಯ ದುಡ್ಡು ಗುಡಿಗಳ ಫೋಟೋ ಆಯಿತು ಅಂದರೆ ರಾಯಚೂರಿನ ಹತ್ತಿ ಬಜಾರಿನವರಿಗೆ ಖುಷಿ ಆಗದೆ ಇರದು.

ಕಾದಂಬರಿಗಳೂ ಸಾಲಾಗಿ ಬಂದವು. 1863ರಲ್ಲಿ ತಾರಾ, 1872ರಲ್ಲಿ ಸೀತಾ. ಚಾಂದ್‌ಬೀಬಿಯ ಕಥೆ ಇರೋ 'ಎ ನೋಬಲ್ ಕ್ವೀನ್' ಆತ ಸತ್ತ ಮೇಲೆ 1878ರಲ್ಲಿ ಪುಸ್ತಕವಾಯಿತು. ಅದರಲ್ಲಿ ನಮ್ಮ ಲಿಂಗಸುಗೂರು ತಾಲೂಕಿನ ಜಲದುರ್ಗ, ಮುದಗಲ್ ಎರಡೂ ಬರುತ್ತವೆ. ಹೊಳೆ ಸೀಳಿ ಹರಿಯೋ ಜಲದುರ್ಗದ ಕಣಿವೆಯನ್ನು ಕಣ್ಣಾರೆ ಕಂಡವನ ಬರಹ ಅದು.

1875ರಲ್ಲಿ ಸಾಲಾರ್ ಜಂಗರ ಕರೆ ಮೇಲೆ ಟೇಲರ್ ಮತ್ತೆ ಹೈದರಾಬಾದಿಗೆ ಬಂದ. ಹೊತ್ತಿಗೆ ಕಣ್ಣು ಮಂಜಾಗುತ್ತಾ ಹೋಗಿ ಪೂರ್ತಿ ಕಾಣದಾಯಿತು. ಜ್ವರ ಹತ್ತಿ ಮೈ ಸೊರಗಿತು. ತಿರುಗಿ ಹೋಗೋ ದಾರಿಯಲ್ಲಿ, 1876ರ ಮೇ 13ರಂದು ಫ್ರಾನ್ಸಿನ ಮಾಂಟೋನಿನಲ್ಲಿ ಪ್ರಾಣ ಬಿಟ್ಟ. ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಅಚ್ಚು ಹಾಕಿಸಿದಳು.

ಉಳಿದ ಒಂದು ಲೆಕ್ಕ

ಸುರಪುರದ ಆ ವರ್ಷಗಳ ಬಗ್ಗೆ ಇವತ್ತು ಯಾರೇ ಬರೆಯಲಿ, ಬಹುಪಾಲು ಟೇಲರ್ ಬರೆದಿಟ್ಟದ್ದನ್ನೇ ಹಿಡಿಯಬೇಕು. ಅಷ್ಟು ಮಟ್ಟಿಗೆ ಈ ಭಾಗ ಆತನಿಗೆ ಋಣಿ. ಆತ ಬರೆಯದಿದ್ದರೆ ಸೆರೆಮನೆಯಲ್ಲಿ ಹೆಸರು ಹೇಳದೆ ನಿಂತ ರಾಜನ ಗಟ್ಟಿತನವೂ ಇಷ್ಟು ವಿವರವಾಗಿ ನಮಗೆ ಸಿಗುತ್ತಿರಲಿಲ್ಲ.

ಆದರೆ ಅಂಗಡಿ ನಡೆಸೋ ಯಾರನ್ನು ಕೇಳಿದರೂ ಒಂದು ಮಾತು ಹೇಳುತ್ತಾರೆ: ಮಾಲು ಕೊಟ್ಟವನೇ ತೂಕವನ್ನೂ ಮಾಡಿ, ಲೆಕ್ಕವನ್ನೂ ಬರೆದರೆ ಇನ್ನೊಮ್ಮೆ ತಕ್ಕಡಿಗೆ ಹಾಕಿ ನೋಡಬೇಕು. ಸುರಪುರದ ಆಡಳಿತಗಾರ ಟೇಲರ್, ಹೊರಗಿನ ಪತ್ರಿಕೆಯ ವರದಿಗಾರನೂ ಟೇಲರ್. ಆತನ ಪುಸ್ತಕದಲ್ಲಿ ರಾಣಿ ಈಶ್ವರಮ್ಮ ಬರೀ ಒಳಸಂಚಿನ ಹೆಂಗಸಾಗಿ ಕಾಣುತ್ತಾಳೆ. ಕೂಸಿನ ರಾಜ್ಯ ಪರರ ಕೈಗೆ ಹೋಗೋದನ್ನು ನೋಡುತ್ತಾ ಕುಂತ ತಾಯಿಯ ಹೊಟ್ಟೆ ಸಂಕಟವನ್ನು ಬರೆಯೋಕೆ ಅರಮನೆಯಲ್ಲಿ ಯಾವ ವರದಿಗಾರನೂ ಇರಲಿಲ್ಲ. ಬೇಡರ ಪಡೆಯ ಮಾತು, ರಾಣಿಯ ಮಾತು, ಕೊನೆಗೆ ರಾಜರ ಮಾತೂ ನಮಗೆ ಮುಟ್ಟಿದ್ದು ಟೇಲರ್‌ನ ಲೇಖನಿಯ ಮೂಲಕವೇ.

ಇನ್ನೊಂದು ಸಲ ತಿಂಥಣಿ ಬ್ರಿಡ್ಜ್ ದಾಟಿ ಸುರಪುರಕ್ಕೆ ಹೋದಾಗ ಸಂತೆ ಮುಗಿಸಿ ಅರ್ಧ ತಾಸು ಬಿಡುವು ಮಾಡಿಕೊಂಡು ಗುಡ್ಡ ಹತ್ತಿ ನೋಡಬಹುದು. ಬಂಗಲೆ ಅಲ್ಲೇ ಇದೆ. ಅಲ್ಲಿಂದ ಇಳಿದು ಊರೊಳಗಿನ ಅರಮನೆ ಕಡೆಗೂ ಹೋಗಿ ಬಂದರೆ ಎರಡೂ ಮನೆ ನೋಡಿದಂಗಾಗುತ್ತದೆ.